ಗ್ರಂಥಾಲಯದ ಬಣ್ಣದ ಗಾಜು: ಆ ಗುರುತುಗಳ ಅರ್ಥ ಏನು?

ಪ್ರಶ್ನೆ: ನಾನು ಉಡುಪಿಯವಳು, ನಿವೃತ್ತ ಶಿಕ್ಷಕಿ. ಮಗಳು ಅಮೆರಿಕದ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಅಲ್ಲಿನ ಸುಝಾಲೊ ಗ್ರಂಥಾಲಯದ ಫೋಟೋ ಕಳಿಸಿದ್ದಳು. ದೊಡ್ಡ ಕಿಟಕಿಗಳು, ನಡುನಡುವೆ ಸಣ್ಣ ಸಣ್ಣ ಬಣ್ಣದ ಗುರುತುಗಳು. ನೋಡಿದರೆ ಚರ್ಚಿನ ಹಾಗೆಯೇ ಉಂಟು. ಇವು ಧರ್ಮದ ಚಿಹ್ನೆಗಳಾ? ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಯಾಕೆ? ಇನ್ನೊಂದು ವಿಷಯ: ನಾನು ಪಾಠ ಮಾಡಿದ ಶಾಲೆಯಲ್ಲಿ ಈಗ ಮಕ್ಕಳಿಗೆ ಓದುವ ಕೋಣೆ ಕಟ್ಟುತ್ತಿದ್ದಾರೆ. ಒಂದು ಕಿಟಕಿಗೆ ಬಣ್ಣದ ಗಾಜು ಹಾಕಿಸುವ ಆಸೆ. ಅದರಲ್ಲಿ ಏನು ಚಿತ್ರ ಇರಬೇಕು?

ಉತ್ತರ: ನಮಸ್ಕಾರ ಟೀಚರ್.

ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಸುಝಾಲೊದ ಓದುವ ಕೋಣೆಯ ಕಿಟಕಿಗಳಲ್ಲಿ ಇರುವುದು ಕಾಗದದ ವಾಟರ್‌ಮಾರ್ಕ್‌ಗಳು. ಯುರೋಪಿನಲ್ಲಿ ಕೈಯಿಂದಲೇ ಕಾಗದ ಮಾಡುತ್ತಿದ್ದ ಕಾಲದಲ್ಲಿ, ಅಂದರೆ ಸುಮಾರು 500-600 ವರ್ಷಗಳ ಹಿಂದೆ, ಕಾಗದದ ಮಿಲ್ಲಿನವರು ತಮ್ಮ ಹಾಳೆಯೊಳಗೆ ಹಾಕುತ್ತಿದ್ದ ಗುರುತುಗಳು. ಅವುಗಳ ನಕಲನ್ನೇ ದೊಡ್ಡದು ಮಾಡಿ ಗಾಜಿನಲ್ಲಿ ಕೂರಿಸಿದ್ದಾರೆ. ಯಾವ ದೇವರನ್ನು ನೆನೆದೂ ಇವನ್ನು ಅಲ್ಲಿ ಇಟ್ಟದ್ದಲ್ಲ.

ಇದು ಎಷ್ಟು ಚಂದದ ಆಯ್ಕೆ ಅಂತ ಗೊತ್ತಾಗಬೇಕಾದರೆ ಪರ್ಸಿನಿಂದ ಒಂದು 500 ರೂಪಾಯಿ ನೋಟು ತೆಗೆಯಿರಿ. ಮೇಜಿನ ಮೇಲೆ ಇಟ್ಟರೆ ಒಂದು ಬದಿಯಲ್ಲಿ ಖಾಲಿ ಜಾಗ, ಅಷ್ಟೆ. ಬೆಳಕಿಗೆ ಹಿಡಿದರೆ ಅದೇ ಖಾಲಿ ಜಾಗದಲ್ಲಿ ಗಾಂಧೀಜಿ ಕಾಣುತ್ತಾರೆ. ಅಲ್ಲಿ ಶಾಯಿ ಇಲ್ಲ, ಅಚ್ಚು ಇಲ್ಲ. ಕಾಗದವೇ ಒಂದು ಕಡೆ ತೆಳ್ಳಗೆ, ಒಂದು ಕಡೆ ದಪ್ಪ. ಬೆಳಕು ಹಿಂದಿನಿಂದ ಬಂದರೆ ಮಾತ್ರ ಚಿತ್ರ. ಈಗ ಸುಝಾಲೊದ ಕಿಟಕಿ ಯೋಚನೆ ಮಾಡಿ. ವಾಟರ್‌ಮಾರ್ಕ್ ನೋಡಲು ಹಾಳೆಯನ್ನು ಕಿಟಕಿಯ ಕಡೆ ಎತ್ತಬೇಕು. ಇಲ್ಲಿ ಕಿಟಕಿಯನ್ನೇ ಹಾಳೆ ಮಾಡಿದ್ದಾರೆ! ಗ್ರಂಥಾಲಯದಲ್ಲಿ ಬಣ್ಣದ ಗಾಜಿಗೆ ಇದಕ್ಕಿಂತ ಹೊಂದುವ ವಿಷಯವನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಹಳೆಯ ಕಾಗದದಲ್ಲಿ ಈ ಗುರುತು ಹೇಗೆ ಬರುತ್ತಿತ್ತು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಗಾಜಿನಲ್ಲಿ ಆ ಚಿತ್ರಗಳು ಬರೀ ಗೆರೆಗಳಾಗಿ ಕಾಣಲು ಕಾರಣವೇ ಅದು. ಒಂದು ಮರದ ಚೌಕಟ್ಟು. ಅದಕ್ಕೆ ಅಡ್ಡಲಾಗಿ ಒತ್ತೊತ್ತಾಗಿ ಸಣ್ಣ ತಂತಿಗಳು, ಅವನ್ನು ಹಿಡಿದಿಡಲು ಅಲ್ಲಲ್ಲಿ ಉದ್ದಕ್ಕೆ ತುಸು ದೂರ ದೂರ ಇನ್ನಷ್ಟು ತಂತಿಗಳು. ಈ ಜರಡಿಯ ಮೇಲೆ ತಂತಿಯನ್ನೇ ಬಗ್ಗಿಸಿ ಮಾಡಿದ ಒಂದು ಆಕಾರವನ್ನು, ಉದಾಹರಣೆಗೆ ಒಂದು ಗೂಳಿ ತಲೆಯನ್ನು, ನವಿರಾದ ತಂತಿಯಿಂದಲೇ ಹೊಲಿದು ಕೂರಿಸುತ್ತಿದ್ದರು. ಹಳೆಯ ಬಟ್ಟೆ ಕೊಳೆಸಿ ಕುಟ್ಟಿ ಮಾಡಿದ ತಿಳಿ ರಸದಲ್ಲಿ ಚೌಕಟ್ಟನ್ನು ಅದ್ದಿ ಎತ್ತಿದರೆ ನೀರು ಇಳಿದು ನಾರು ಮೇಲೆ ನಿಲ್ಲುತ್ತದೆ. ತಂತಿಯ ಆಕಾರ ಉಬ್ಬಿಕೊಂಡಿರುವಲ್ಲಿ ನಾರು ಕಡಿಮೆ ಕೂರುತ್ತದೆ. ಹಾಳೆ ಒಣಗಿದ ಮೇಲೆ ಬೆಳಕಿಗೆ ಹಿಡಿದರೆ ಅಷ್ಟು ಗೆರೆ ಮಾತ್ರ ಹೊಳೆಯುತ್ತದೆ. ತಂತಿ ಬಗ್ಗಿದಷ್ಟೇ ಚಿತ್ರ. ಹಾಗಾಗಿ ಗೂಳಿ ತಲೆ ಅಂದರೆ ಎರಡು ಕೊಂಬು, ಎರಡು ಕಿವಿ, ಎರಡು ಕಣ್ಣು, ಕೊಂಬುಗಳ ನಡುವಿನಿಂದ ಮೇಲಕ್ಕೆ ಒಂದು ನೆಟ್ಟಗಿನ ಗೆರೆ, ಅದರ ತುದಿಯಲ್ಲಿ ನಕ್ಷತ್ರವೋ ಶಿಲುಬೆಯೋ ಹೂವೋ. ನೆರಳು ಇಲ್ಲ, ಮೈ ಇಲ್ಲ.

ಈ ಪದ್ಧತಿ ಶುರುವಾದದ್ದು ಇಟಲಿಯಲ್ಲಿ, 13ನೇ ಶತಮಾನದ ಕೊನೆಗೆ. ಕಾಗದಕ್ಕೆ ಹೆಸರಾದ ಫಾಬ್ರಿಯಾನೋ ಊರಿನವರು ಇದರಲ್ಲಿ ಮುಂದಿದ್ದರು. ಆಮೇಲೆ ಯುರೋಪಿನ ಎಲ್ಲ ಕಡೆ ಹಬ್ಬಿತು. ಗೂಳಿ ತಲೆ, ದ್ರಾಕ್ಷಿ ಗೊಂಚಲು, ಬೆರಳ ತುದಿಯಲ್ಲಿ ನಕ್ಷತ್ರ ಇರುವ ಕೈ, ಕಿರೀಟ, ಲಂಗರು, ತಕ್ಕಡಿ, ಒಂದು ಕೊಂಬಿನ ಕುದುರೆ, ಹೂಜಿ. ಹೀಗೆ ಸಾವಿರಾರು. ಗುಟೆನ್‌ಬರ್ಗ್ 1455ರ ಸುಮಾರಿಗೆ ಅಚ್ಚು ಮಾಡಿದ ಬೈಬಲ್ಲಿನ ಕಾಗದದಲ್ಲಿ ಗೂಳಿ ತಲೆಯೂ ಉಂಟು, ದ್ರಾಕ್ಷಿಯೂ ಉಂಟು. ನಮ್ಮ ಕಚೇರಿಗಳಲ್ಲಿ ಅರ್ಜಿ ಬರೆಯುತ್ತಿದ್ದ ಫುಲ್‌ಸ್ಕೇಪ್ ಹಾಳೆ ನೆನಪಿದೆ ಅಲ್ವಾ? ಆ ಅಳತೆಗೆ ಹೆಸರು ಬಂದದ್ದು ಕೂಡ ಗೆಜ್ಜೆ ಕಟ್ಟಿದ ವಿದೂಷಕನ ಟೊಪ್ಪಿಯ ವಾಟರ್‌ಮಾರ್ಕಿನಿಂದಲೇ.

ಇನ್ನು ಅರ್ಥದ ಪ್ರಶ್ನೆ. ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು.

ಗೂಳಿ ಅಂದರೆ ಶಕ್ತಿ, ಲಂಗರು ಅಂದರೆ ಭರವಸೆ, ದ್ರಾಕ್ಷಿ ಅಂದರೆ ಏಸುವಿನ ರಕ್ತ ಅಂತ ಪಟ್ಟಿ ಮಾಡಿ ಕೊಡುವುದು ಬಹಳ ಸುಲಭ. ಚರ್ಚಿನ ಕಿಟಕಿಯಾದರೆ ಆ ಪಟ್ಟಿ ಕೆಲಸಕ್ಕೂ ಬರುತ್ತದೆ. ಕಾಗದದ ಗುರುತಿಗೆ ಬರುವುದಿಲ್ಲ. 20ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಬೇಲಿ ಎನ್ನುವವರು ಇದಕ್ಕೆ ದೊಡ್ಡ ವಾದವನ್ನೇ ಕಟ್ಟಿದ್ದರು. ಚರ್ಚಿನ ವಿರೋಧ ಕಟ್ಟಿಕೊಂಡು ತಲೆಮರೆಸಿಕೊಂಡ ಪಂಗಡಗಳವರೇ ಕಾಗದ ಮಾಡುತ್ತಿದ್ದರು, ತಮ್ಮ ನಂಬಿಕೆಯನ್ನು ಈ ಗುರುತುಗಳಲ್ಲಿ ಗುಟ್ಟಾಗಿ ಸಾಗಿಸುತ್ತಿದ್ದರು ಅಂತ. ಕೇಳಲು ರೋಮಾಂಚನ. ಆದರೆ ಅದೇ ಹೊತ್ತಿಗೆ ಜಿನೀವಾದ ಕಾಗದದ ವ್ಯಾಪಾರಿ ಚಾರ್ಲ್ಸ್ ಮೊಯ್ಸ್ ಬ್ರಿಕೆ ಯುರೋಪಿನ ದಾಖಲೆ ಕೋಣೆಗಳಲ್ಲಿ ಕೂತು, ಹಳೆಯ ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಗುರುತುಗಳ ನಕಲು ತೆಗೆಯುತ್ತ ವರ್ಷಗಟ್ಟಲೆ ಕಳೆದಿದ್ದರು. 1907ರಲ್ಲಿ ಅವರು ಪ್ರಕಟಿಸಿದ ಸಂಗ್ರಹದಲ್ಲಿ ಹೀಗೆ ಕೈಯಿಂದ ನಕಲು ಮಾಡಿದ 16,112 ಗುರುತುಗಳಿವೆ. 1282ರಿಂದ 1600ರವರೆಗಿನವು. ಅಷ್ಟನ್ನು ನೋಡಿದ ಮೇಲೆ ಅವರು ಬಂದ ತೀರ್ಮಾನ ಸರಳ: ಇವು ವ್ಯಾಪಾರದ ಮಾರ್ಕುಗಳು. ಯಾವ ಮಿಲ್ಲಿನ ಕಾಗದ, ಯಾವ ದರ್ಜೆ, ಯಾವ ಅಳತೆ, ಇಷ್ಟು ಹೇಳಲು ಇದ್ದದ್ದು. ನನಗೂ ಬ್ರಿಕೆ ಮಾತೇ ಸರಿ ಅನಿಸುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ವೆನಿಸ್ ಕಡೆಯ ಮಿಲ್ಲುಗಳ ಕಾಗದದಲ್ಲಿ ಸಾಲಾಗಿ ಮೂರು ಬಾಲಚಂದ್ರ ಇರುವ ವಾಟರ್‌ಮಾರ್ಕ್ ಸಿಗುತ್ತದೆ. ಮಾಡಿದವರು ಕ್ರೈಸ್ತರು. ಕಾಗದ ಹೋಗುತ್ತಿದ್ದುದು ತುರ್ಕಿ ಸುಲ್ತಾನರ ರಾಜ್ಯಕ್ಕೆ. ಕೊಳ್ಳುವವರ ಕಣ್ಣಿಗೆ ಹಿತವಾದ ಗುರುತು ಹಾಕಿದರು, ಅಷ್ಟೆ. ಅದನ್ನು ಹಿಡಿದುಕೊಂಡು ಮಿಲ್ಲಿನವರ ಧರ್ಮ ಹುಡುಕಲು ಹೊರಟರೆ ದಾರಿ ತಪ್ಪುತ್ತೇವೆ.

ಹಾಗಾದರೆ ಗೂಳಿ ತಲೆಗೆ ಅರ್ಥವೇ ಇಲ್ಲವಾ ಅಂತ ನೀವು ಕೇಳಬಹುದು. ಉಂಟು, ಆದರೆ ಅದು ಬಂದದ್ದು ಆಮೇಲೆ. ಮಿಲ್ಲಿನ ಮಾರ್ಕಾಗಿದ್ದ ಗೂಳಿ 1926ರಲ್ಲಿ ಗ್ರಂಥಾಲಯದ ಕಿಟಕಿಗೆ ಏರಿದರೆ ಅದು ಇನ್ನು ಮಿಲ್ಲಿನ ಮಾರ್ಕಲ್ಲ. ಹೆಸರು ಗೊತ್ತಿಲ್ಲದ ಕಾಗದ ಮಾಡುವವರನ್ನು ನೆನೆಯುವ ಗುರುತು. ಬರೆದವರ ಹೆಸರು ಪುಸ್ತಕದ ಮೇಲೆಯೇ ಇರುತ್ತದೆ. ಅಚ್ಚು ಹಾಕಿದವರ ಹೆಸರೂ ಒಳಗಿನ ಪುಟದಲ್ಲಿ ಇರುತ್ತದೆ. ರಸದ ತೊಟ್ಟಿಯ ಪಕ್ಕ ನಿಂತು, ದಿನವಿಡೀ ಚೌಕಟ್ಟು ಅದ್ದಿ ಎತ್ತಿದವರ ಹೆಸರು ಎಲ್ಲೂ ಇಲ್ಲ. ಅದೇ ಸುಝಾಲೊದ ಹೊರಗೋಡೆಯ ಮೇಲೆ ಮೋಸೆಸ್, ಪ್ಲೇಟೊ, ಡಾಂಟೆ, ಶೇಕ್ಸ್‌ಪಿಯರ್, ನ್ಯೂಟನ್, ಡಾರ್ವಿನ್, ಗುಟೆನ್‌ಬರ್ಗ್ ಎಲ್ಲ ಸೇರಿ 18 ಮಂದಿ ದೊಡ್ಡವರ ಮೂರ್ತಿಗಳಿವೆ. ಹೊರಗೆ ಅವರು, ಒಳಗೆ ಓದುವವರ ತಲೆಯ ಮೇಲೆ ಕಾಗದದವರ ಗುರುತು. ಮಗಳಿಗೆ ಹೇಳಿ, ಒಮ್ಮೆ ಹೊರಗೆ ನಿಂತು ಮೇಲೆ ನೋಡಿ ಆಮೇಲೆ ಒಳಗೆ ಹೋಗಲಿ. ಪುಸ್ತಕದ ಕಪಾಟುಗಳ ಮೇಲಂಚನ್ನೂ ನೋಡಲಿ, ಅಲ್ಲಿ ಮರದಲ್ಲಿ ಕೆತ್ತಿದ್ದು ವಾಷಿಂಗ್ಟನ್ ರಾಜ್ಯದ ಗಿಡಗಳು. ಕಟ್ಟಿದವರು ಪ್ರತಿಯೊಂದನ್ನೂ ಯೋಚಿಸಿಯೇ ಇಟ್ಟಿದ್ದಾರೆ.

ಚರ್ಚಿನ ಹಾಗೆ ಯಾಕೆ ಅನ್ನುವುದಕ್ಕೆ ಉತ್ತರ ಚಿಕ್ಕದು. ಆ ಕಾಲದ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ವಯಸ್ಸು ಕಮ್ಮಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳ ಹಿರಿತನ ತಮಗೂ ಬೇಕು ಅಂತ ಆಸೆ. ಹಾಗಾಗಿ ಚೂಪು ಕಮಾನು, ಎತ್ತರದ ಚಾವಣಿ, ಉದ್ದ ಕಿಟಕಿಯ ಗೋಥಿಕ್ ಶೈಲಿಯಲ್ಲಿ ಕಟ್ಟಿಕೊಂಡರು. ಹೆನ್ರಿ ಸುಝಾಲೊ ಅವರು 1915ರಿಂದ 1926ರವರೆಗೆ ಅಲ್ಲಿ ಅಧ್ಯಕ್ಷರಾಗಿದ್ದವರು, ಗ್ರಂಥಾಲಯವೇ ವಿಶ್ವವಿದ್ಯಾಲಯದ ಆತ್ಮ ಅಂತ ನಂಬಿದವರು. ಕಟ್ಟಡ ತೆರೆದ ವರ್ಷವೇ ಅವರನ್ನು ಹುದ್ದೆಯಿಂದ ಇಳಿಸಿದರು. 1933ರಲ್ಲಿ ತೀರಿಕೊಂಡ ಮೇಲೆ ಗ್ರಂಥಾಲಯಕ್ಕೆ ಅವರ ಹೆಸರು ಬಂತು. ಯೇಲ್ ವಿಶ್ವವಿದ್ಯಾಲಯದವರು 1931ರಲ್ಲಿ ತೆರೆದ ಸ್ಟರ್ಲಿಂಗ್ ಗ್ರಂಥಾಲಯದಲ್ಲಂತೂ ಪುಸ್ತಕ ಕೊಡುವ ಮೇಜನ್ನೇ ಚರ್ಚಿನ ಬಲಿಪೀಠ ಇರುವ ಜಾಗದಲ್ಲಿ ಇಟ್ಟು, ಅದರ ಮೇಲೆ ವಿದ್ಯಾಮಾತೆಯ ದೊಡ್ಡ ಚಿತ್ರ ಬರೆಸಿದ್ದಾರೆ. ನಮ್ಮ ದೇಶದಲ್ಲಿ ಇಂಥದ್ದು ನೋಡಬೇಕಾದರೆ ಮುಂಬೈಗೆ ಹೋಗಿ. ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ರಾಜಾಬಾಯಿ ಗಡಿಯಾರ ಗೋಪುರ 1878ರಲ್ಲಿ ಮುಗಿದದ್ದು. ನಕ್ಷೆ ಮಾಡಿದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಭಾರತಕ್ಕೆ ಬಂದವರೇ ಅಲ್ಲ, ಲಂಡನ್ನಿನಲ್ಲಿ ಕೂತು ಬರೆದು ಕಳಿಸಿದರು. ದುಡ್ಡು ಕೊಟ್ಟ ಪ್ರೇಮಚಂದ್ ರಾಯ್‌ಚಂದ್ ಗೋಪುರಕ್ಕೆ ತಾಯಿಯ ಹೆಸರು ಇಡಿಸಿದರು. ಅಲ್ಲಿನ ಬಣ್ಣದ ಗಾಜುಗಳನ್ನು ಕಳೆದ ದಶಕದಲ್ಲಿ ಬಿಚ್ಚಿ ತೊಳೆದು ಮತ್ತೆ ಕೂರಿಸಿದ್ದಾರೆ. ಮಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಆಯಿತು, ಸಿಯಾಟಲ್‌ವರೆಗೆ ಹೋಗಬೇಕಾಗಿಲ್ಲ.

ಮಂಗಳೂರಿನಲ್ಲಿ ಅಂತ ಕೇಳಿದರೆ ತುಂಬಾ ಜನ ಕೂಡಲೇ ಹೇಳುವುದು ಸಂತ ಅಲೋಶಿಯಸ್ ಚಾಪೆಲ್. ಅದು ಬೇರೆ ಜಾತಿ. ಅಲ್ಲಿ ಆಂಟೋನಿಯೊ ಮೊಸ್ಕೇನಿ 1899ರಿಂದ ಬರೆದ ಚಿತ್ರಗಳು ಗೋಡೆ ಮತ್ತು ಚಾವಣಿಯ ಮೇಲೆ ಇರುವುದು. ಅಲ್ಲಿ ಬೆಳಕು ಚಿತ್ರದ ಮೇಲೆ ಬೀಳುತ್ತದೆ, ಗಾಜಿನಲ್ಲಿ ಬೆಳಕು ಚಿತ್ರದ ಮೂಲಕ ಬರುತ್ತದೆ. ಮೋಡ ಸರಿದರೆ ಗಾಜಿನ ಬಣ್ಣ ಬದಲು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಸಂಜೆ ಒಳಗೆ ದೀಪ ಹಾಕಿ ಹೊರಗೆ ಕತ್ತಲಾದರೆ ಒಳಗಿನವರಿಗೆ ಚಿತ್ರವೇ ಇಲ್ಲ, ಅಂಗಳದಲ್ಲಿ ನಿಂತವರಿಗೆ ಕಾಣುತ್ತದೆ. ನಿಮ್ಮ ಕಿಟಕಿಯ ಬಗ್ಗೆ ಯೋಚಿಸುವಾಗ ಇದು ತಲೆಯಲ್ಲಿರಲಿ.

ಚಿತ್ರ ಏನು ಅನ್ನುವುದಕ್ಕೆ ಬರುವ ಮೊದಲು ಇನ್ನೊಂದು ಗ್ರಂಥಾಲಯ ಹೇಳಲೇಬೇಕು. ಇಲಿನಾಯ್ ವಿಶ್ವವಿದ್ಯಾಲಯದವರು ತಮ್ಮ ಓದುವ ಕೋಣೆಯ ಕಿಟಕಿಗಳಿಗೆ ಹಳೆಯ ಮುದ್ರಕರ ಗುರುತುಗಳನ್ನು ಆರಿಸಿಕೊಂಡರು. ಇವು ವಾಟರ್‌ಮಾರ್ಕಿಗಿಂತ ಬೇರೆ. ಮುದ್ರಕರು ಇವನ್ನು ಪುಸ್ತಕದ ಪುಟದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಅಚ್ಚು ಹಾಕುತ್ತಿದ್ದರು, ಅರ್ಥವನ್ನೂ ಯೋಚಿಸಿಯೇ ಇಡುತ್ತಿದ್ದರು. ಅಂಥ ಗುರುತುಗಳಲ್ಲಿ ತುಂಬಾ ಹೆಸರಾದದ್ದು ವೆನಿಸ್ಸಿನ ಆಲ್ಡಸ್ ಮನೂಷಿಯಸ್ ಅವರದು. ಲಂಗರಿಗೆ ಮೈ ಸುತ್ತಿಕೊಂಡ ಡಾಲ್ಫಿನ್. ಡಾಲ್ಫಿನ್ ಅಂದರೆ ವೇಗ, ಲಂಗರು ಅಂದರೆ ನಿಲುಗಡೆ, ಎರಡೂ ಸೇರಿ ನಿಧಾನವಾಗಿ ಅವಸರ ಮಾಡು ಅಂತ. ಹಳೆಯ ರೋಮನ್ ನಾಣ್ಯದಲ್ಲಿದ್ದ ಚಿತ್ರ ಅದು. ಆಂಟ್‌ವರ್ಪ್‌ನ ಪ್ಲಾಂಟಿನ್ ಅವರದು ಕೈವಾರ: ಓಡುವ ಕಾಲು ದುಡಿಮೆ, ಊರಿದ ಕಾಲು ಸ್ಥಿರತೆ. ನೋಡಿ, ವಾಟರ್‌ಮಾರ್ಕಿನ ಲಂಗರಿಗೂ ಆಲ್ಡಸ್ ಲಂಗರಿಗೂ ಆಕಾರ ಒಂದೇ. ಒಂದರಲ್ಲಿ ಅರ್ಥ ಹುಡುಕಬಾರದು, ಇನ್ನೊಂದರಲ್ಲಿ ಹುಡುಕದೆ ಇರಬಾರದು. ಅದಕ್ಕೇ ನನ್ನನ್ನು ಯಾರಾದರೂ ಈ ಚಿಹ್ನೆಯ ಅರ್ಥ ಏನು ಅಂತ ಕೇಳಿದರೆ, ಇದನ್ನು ಎಲ್ಲಿಂದ ತೆಗೆದುಕೊಂಡರು ಅಂತ ಮೊದಲು ನೋಡುತ್ತೇನೆ.

ಈಗ ನಿಮ್ಮ ಶಾಲೆಯ ಕಿಟಕಿ.

ಮನುಷ್ಯರ ಮುಖ ಬೇಡ. ದಾನಿಗಳದ್ದೂ ಬೇಡ, ದೊಡ್ಡವರದ್ದೂ ಬೇಡ. ಯೇಲ್‌ನ ಒಂದು ಕಾಲೇಜಿನ ಊಟದ ಕೋಣೆಯಲ್ಲಿ ಗುಲಾಮರು ತಲೆಯ ಮೇಲೆ ಹತ್ತಿ ಹೊತ್ತು ನಡೆಯುವ ಒಂದು ಗಾಜು ಇತ್ತು. ಗುಲಾಮಗಿರಿಯನ್ನು ಸಮರ್ಥಿಸಿದ್ದ ಕ್ಯಾಲ್ಹೂನ್ ಎಂಬ ರಾಜಕಾರಣಿಯ ಹೆಸರಿನ ಕಾಲೇಜು ಅದು. 2016ರಲ್ಲಿ ಅಲ್ಲಿನ ಒಬ್ಬ ಕಪ್ಪು ವರ್ಣದ ಕೆಲಸಗಾರ ಪೊರಕೆಯ ಹಿಡಿಯಿಂದ ಆ ಗಾಜನ್ನು ಒಡೆದರು. ಮರುವರ್ಷ ಕಾಲೇಜಿನ ಹೆಸರೇ ಬದಲಾಯಿತು. ಕೇಂಬ್ರಿಡ್ಜಿನ ಒಂದು ಕಾಲೇಜು 2020ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ನೆನಪಿನ ಗಾಜನ್ನು ತೆಗೆಯಿತು. ಗಣಿತದ ಒಂದು ಚೌಕದ ಚಿತ್ರ ಅಷ್ಟೆ ಅದು, ತುಂಬಾ ಚಂದ ಇತ್ತು. ಆದರೆ ಫಿಶರ್ ಅವರು ಜನರಲ್ಲಿ ಒಳ್ಳೆಯ ತಳಿ, ಕೆಟ್ಟ ತಳಿ ಅಂತ ಬೇರೆ ಮಾಡುವ ವಿಚಾರವನ್ನು ಬೆಂಬಲಿಸಿದ್ದರು, ಊಟದ ಕೋಣೆಯಲ್ಲಿದ್ದ ಆ ಗಾಜನ್ನು ದಿನಾ ತಲೆಯೆತ್ತಿ ನೋಡುತ್ತ ಊಟ ಮಾಡುವವರಿಗೆ ಸಹಿಸಲು ಆಗಲಿಲ್ಲ. ಎರಡೂ ಕಡೆ ಆದದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಗಾಜು ನೂರು ವರ್ಷ ಇರುತ್ತದೆ. ಒಬ್ಬ ಮನುಷ್ಯನ ಹೆಸರಿಗೆ ಅಷ್ಟು ಭಾರ ಹೊರಿಸಬಾರದು.

ಸುಝಾಲೊದವರು ಮಾಡಿದ್ದನ್ನೇ ನೀವೂ ಮಾಡಿ, ಆದರೆ ಅವರ ಗೂಳಿ ತಲೆ ನಮಗೆ ಬೇಡ. ಪುಸ್ತಕ ಯಾವುದರಿಂದ ಆಗಿತ್ತು, ಯಾರ ಕೈಯಿಂದ ಆಗಿತ್ತು ಅಂತ ನಮ್ಮ ಊರಿನಲ್ಲೇ ಹುಡುಕಿ. ಉಡುಪಿಯ ಮಠಗಳಲ್ಲಿ ತುಳು ಲಿಪಿಯ ತಾಳೆಗರಿ ಗ್ರಂಥಗಳಿವೆ. ಒಂದು ಗರಿ ಉದ್ದಕ್ಕೆ, ದಾರ ಪೋಣಿಸಲು ತೂತು, ಪಕ್ಕದಲ್ಲಿ ಕಬ್ಬಿಣದ ಕಂಟ. ಕಂಟದಿಂದ ಕೊರೆದಾಗ ಅಕ್ಷರ ಸರಿಯಾಗಿ ಕಾಣುವುದಿಲ್ಲ. ದೀಪದ ಮಸಿ ತಿಕ್ಕಿ ಒರೆಸಿದ ಮೇಲೆ ಕೊರೆದ ಗೆರೆಯಲ್ಲಿ ಕಪ್ಪು ನಿಂತು ಅಕ್ಷರ ಎದ್ದು ಬರುತ್ತದೆ. ಯುರೋಪಿನ ಹಾಳೆಯ ಗುರುತಿಗೆ ಬೆಳಕು ಬೇಕಿತ್ತು, ನಮ್ಮ ಗರಿಯ ಅಕ್ಷರಕ್ಕೆ ಮಸಿ ಬೇಕಿತ್ತು. ಗಾಜಿನ ತುಂಡುಗಳನ್ನು ಹಿಡಿಯುವ ಸೀಸದ ಪಟ್ಟಿ ಹೇಗೂ ಕಪ್ಪು ಗೆರೆಯಾಗಿಯೇ ಕಾಣುತ್ತದೆ, ಹಾಗಾಗಿ ತಿಳಿ ಕಂದು ಗಾಜಿನಲ್ಲಿ ಈ ಗರಿ ಬಹಳ ಚೆನ್ನಾಗಿ ಬರುತ್ತದೆ. ಗರಿಯ ಮೇಲೆ ನಾಲ್ಕು ತುಳು ಲಿಪಿಯ ಅಕ್ಷರ ಬರೆಸಿದರೆ, ಓದಲು ಬಲ್ಲವರಿಂದ ತಿದ್ದಿಸಿಕೊಳ್ಳಿ.

ಎರಡನೆಯದು ಕಲ್ಲಚ್ಚು, ಅಂದರೆ ನಯವಾದ ಕಲ್ಲಿನ ಮೇಲೆ ಬರೆದು ಅದರಿಂದ ಹಾಳೆಗೆ ಅಚ್ಚು ತೆಗೆಯುವುದು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಕಲ್ಲಚ್ಚಿನಲ್ಲೇ ಮುದ್ರಣವಾದದ್ದು. ಮೂರನೆಯದು ಅಚ್ಚಿನ ಮೊಳೆ, ಅಂದರೆ ತುದಿಯಲ್ಲಿ ಒಂದು ಅಕ್ಷರ ಇರುವ ಲೋಹದ ಸಣ್ಣ ತುಂಡು. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಇಲ್ಲಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಅಷ್ಟು ದೊಡ್ಡ ಪುಸ್ತಕಕ್ಕೆ ಒಂದೊಂದು ಮೊಳೆಯನ್ನೂ ಕೈಯಲ್ಲಿ ಜೋಡಿಸಿದ ನಮ್ಮ ಊರಿನವರ ನೆನಪಿಗೆ ಕಿಟಕಿಯಲ್ಲಿ ಒಂದೇ ಒಂದು ಮೊಳೆ ಇರಲಿ. ಅದರ ಮುಖದಲ್ಲಿ 'ಅ' ಅಕ್ಷರ ತಿರುಗುಮುರುಗಾಗಿ. ಮಕ್ಕಳು ಹೊರಗೆ ಅಂಗಳಕ್ಕೆ ಓಡಿ ಹೋಗಿ ನೋಡಿದರೆ ಅದೇ ಅಕ್ಷರ ಸರಿಯಾಗಿ ಕಾಣುತ್ತದೆ! ಇದನ್ನು ಗಾಜಿನಲ್ಲಿ ಮಾತ್ರ ಮಾಡಲು ಸಾಧ್ಯ. ಈ ಮೂರರಲ್ಲಿ ದುಡ್ಡಿಗೆ ತಕ್ಕ ಹಾಗೆ ಒಂದನ್ನೇ ಮಾಡಿಸಿದರೂ ಸಾಕು. ವೀಣೆ ಹಿಡಿದ ಸರಸ್ವತಿ ಬೇಕೇ ಬೇಕು ಅಂತ ಸಮಿತಿಯವರು ಹೇಳಿದರೆ, ಪಟ ಮಾಡಿಸಿ ಗೋಡೆಗೆ ಹಾಕಿ. ಗಾಜು ಈ ಕೈಕೆಲಸದವರಿಗೆ ಇರಲಿ.

ಕೆಲಸದ ಮಾತು ಸ್ವಲ್ಪ. ಓದುವ ಕೋಣೆಗೆ ಬೆಳಕು ಬೇಕು. ಸುಝಾಲೊದಲ್ಲೂ ಗಾಜಿನ ಹೆಚ್ಚಿನ ಭಾಗ ತಿಳಿ ಬಣ್ಣದ್ದು, ಗುರುತುಗಳು ಮಾತ್ರ ಬಣ್ಣ. ಕಡು ನೀಲಿ, ಕಡು ಕೆಂಪು ತುಂಬಿದರೆ ಮಕ್ಕಳ ಪುಸ್ತಕದ ಮೇಲೆ ಬಣ್ಣದ ಕಲೆ ಬಿದ್ದು ಓದಲು ಕಷ್ಟ. ಕೆಳಗಿನ ಅರ್ಧ ಸುಮ್ನೆ ಮಾಮೂಲಿ ಗಾಜು ಇರಲಿ, ತೆರೆಯಲೂ ಬರಲಿ, ಸೆಕೆಗಾಲದಲ್ಲಿ ಗಾಳಿ ಬೇಡವಾ? ಚಿತ್ರ ಮೇಲಿನ ಅರ್ಧದಲ್ಲಿ. ಅಂಗಡಿಯಲ್ಲಿ ಸಿಗುವ ಬಣ್ಣದ ಸ್ಟಿಕ್ಕರ್ ಅಂಟಿಸಬೇಡಿ. ನಮ್ಮ ಬಿಸಿಲಿಗೂ ತೇವಕ್ಕೂ ಬೇಗ ಏಳುತ್ತದೆ. ನಿಜವಾದ ಬಣ್ಣದ ಗಾಜಿನಲ್ಲಿ ಬಣ್ಣ ಗಾಜಿನೊಳಗೇ ಇರುತ್ತದೆ, ಕರಗಿಸುವಾಗಲೇ ಕೋಬಾಲ್ಟ್, ತಾಮ್ರದಂಥ ಲೋಹದ ಅಂಶ ಸೇರಿಸಿ ಮಾಡಿದ್ದು, ಹಾಗಾಗಿ ಬಿಸಿಲಿಗೆ ಮಾಸುವುದಿಲ್ಲ. ಸೀಸ ಮಾತ್ರ ಮೆತ್ತಗೆ. ಗಾಳಿಮಳೆ ನೇರ ಹೊಡೆದರೆ ಬಾಗುತ್ತದೆ, ಸಂದಿಯಲ್ಲಿ ನೀರು ಇಳಿಯುತ್ತದೆ. ಅದಕ್ಕೆ ಹಿಂದಿನಿಂದ ತುಕ್ಕು ಹಿಡಿಯದ ಅಡ್ಡ ಸರಳು ಕೊಡಿಸಿ. ಹೊರಗಡೆ ಒಂದು ಸಾದಾ ಗಾಜು ಹಾಕಿಸಿ, ಎರಡರ ನಡುವೆ ಬೆರಳು ಹೋಗುವಷ್ಟು ಜಾಗ ಬಿಟ್ಟು, ಮೇಲೆ ಕೆಳಗೆ ಗಾಳಿ ಆಡಲು ಸಂದಿ ಇಡಿಸಿ. ಪೂರ್ತಿ ಮುಚ್ಚಿದರೆ ಮಳೆಗಾಲದಲ್ಲಿ ಒಳಗೆ ನೀರು ಬೆವರಿ ಪಾಚಿ ಕಟ್ಟುತ್ತದೆ.

ಮರದ ಕೆಲಸದವರು ಚೌಕಟ್ಟು ಕೂರಿಸುವ ಮೊದಲೇ ಗಾಜಿನವರು ಬಂದು ಅಳತೆ ತೆಗೆಯಲಿ. ನನಗೆ ಕಿಟಕಿಯ ಅಗಲ, ಎತ್ತರ, ಅದು ಯಾವ ದಿಕ್ಕಿಗೆ ಇದೆ, ಹೊರಗೆ ಮಾಡು ಎಷ್ಟು ಚಾಚಿದೆ, ಎದುರು ಮರ ಉಂಟಾ ಅನ್ನುವುದನ್ನು ಕಳಿಸಿ. ಪಡುವಣ ಕಿಟಕಿಯಾದರೆ ಗರಿಯ ಬಣ್ಣವನ್ನು ಇನ್ನೊಂದು ಛಾಯೆ ಕಡು ಮಾಡಬೇಕಾಗುತ್ತದೆ.